ಅರಿಶಿನ ಮಣ್ಣಿನ ಪದಕಗಳು

ಬೆಂಗಳೂರಿನಿಂದ ಪುಣೆಗೆ ಹೋಗುವ ರಾತ್ರಿ ಬಸ್ಸು ಕೊಲ್ಹಾಪುರ ದಾಟಿ ಒಂದಷ್ಟು ದೂರ ಓಡಿದ ಮೇಲೆ ಪೇಠ ನಾಕಾ ಬರುತ್ತದೆ. ಸಾಂಗ್ಲಿಯ ರಸ್ತೆ ಹೆದ್ದಾರಿಯಿಂದ ಬಲಕ್ಕೆ ಹೊರಳುವುದು ಇಲ್ಲೇ. ನಾಲ್ಕಾರು ಮಂದಿ ನಿದ್ದೆಗಣ್ಣಲ್ಲಿ ಚೀಲ ಹುಡುಕಿಕೊಂಡು ಇಳಿಯುತ್ತಾರೆ, ಉಳಿದವರು ಮಗ್ಗಲು ಬದಲಿಸಿ ಮಲಗುತ್ತಾರೆ. ಇಸ್ಲಾಂಪುರದ ನೆರೆಯ ಈ ಪೇಠದಲ್ಲಿ 1944ರ ನವೆಂಬರ್ 1ರಂದು ಮುರಳಿಕಾಂತ ಪೇಟಕರ್ ಹುಟ್ಟಿದರು. ಅಡ್ಡಹೆಸರಿನಲ್ಲೇ ಊರಿದೆ. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದವರು ಅವರು, ಅದೂ 1972ರಷ್ಟು ಹಿಂದೆ. ಒಲಿಂಪಿಕ್ಸ್‌ನಲ್ಲಿ ಭಾರತೀಯನೊಬ್ಬ ಒಂಟಿಯಾಗಿ ಚಿನ್ನ ಗೆಲ್ಲಲು ಅಲ್ಲಿಂದ ಇನ್ನೂ 36 ವರ್ಷ ಕಾಯಬೇಕಾಯಿತು.

ಭಾರತದ ಒಲಿಂಪಿಕ್ ಚರಿತ್ರೆ ಅಂದರೆ ಬಹಳ ಕಾಲ ಹಾಕಿಯದೇ ಮಾತು. 1928ರಿಂದ 1956ರವರೆಗೆ ಸಾಲಾಗಿ ಆರು ಚಿನ್ನ ಬಂದಿರುವಾಗ ಬೇರೆ ಮಾತಿಗೆ ಜಾಗವಾದರೂ ಎಲ್ಲಿತ್ತು? ಆದರೆ ತಂಡ ಬಿಟ್ಟು ಒಬ್ಬೊಬ್ಬರೇ ಗೆದ್ದವರ ಲೆಕ್ಕ ತೆಗೆದರೆ ಕೃಷ್ಣೆಯ ಈ ಭಾಗ, ಅಂದರೆ ಕರಾಡ, ಸಾಂಗ್ಲಿ, ಮಿರಜ್, ಕೊಲ್ಹಾಪುರ, ಕೆಳಗೆ ಬೆಳಗಾವಿಯವರೆಗಿನ ಸೀಮೆ, ಮತ್ತೆ ಮತ್ತೆ ಎದುರಾಗುತ್ತದೆ. ಇದು ಒಂದೇ ಭಾಷೆಯ ಸೀಮೆಯೂ ಅಲ್ಲ. ಶಿರಹಟ್ಟಿ, ತೇರದಾಳ ಸಾಂಗ್ಲಿ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜಿನ ಸಂಸ್ಥಾನದಲ್ಲಿತ್ತು. ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. 1959ರಲ್ಲಿ ಕುಸ್ತಿಯ ಹಿಂದ್ ಕೇಸರಿ ಬಿರುದನ್ನು ಮೊತ್ತಮೊದಲು ಗೆದ್ದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ಕಡೆಯ ಎಕ್ಸಂಬಾದವರು, ಪಳಗಿದ್ದು ಕೊಲ್ಹಾಪುರದಲ್ಲಿ. ಜಾತ್ರೆಯ ಕುಸ್ತಿಗೆ ಗಡಿಯ ಗೊಡವೆ ಎಂದೂ ಇರಲಿಲ್ಲ.

ಮಿರಜ್ ಎಂದರೆ ಕನ್ನಡಿಗರ ಕಿವಿಗೆ ತಂಬೂರಿಯ ಊರು, ಸಾಂಗ್ಲಿ ಎಂದರೆ ಅರಿಶಿನದ ಪೇಟೆ. ಸಾಂಗ್ಲಿಯ ಮಗ್ಗುಲಿನ ಹರಿಪುರದಲ್ಲಿ ನಮ್ಮ ಹಗೇವುಗಳಂತೆಯೇ ನೆಲದೊಳಗೆ ತೋಡಿದ ಕುಳಿಗಳಲ್ಲಿ ಅರಿಶಿನ ಕೂಡಿಡುತ್ತಿದ್ದರು. ಅರಿಶಿನಕ್ಕೂ ಪದಕಕ್ಕೂ ಏನು ನಂಟು ಅನ್ನಿಸಬಹುದು. ತಾಲೀಮಿನ, ಅಂದರೆ ಕುಸ್ತಿಮನೆಯ, ಕಣಕ್ಕೆ ಇಳಿದವರಿಗೆ ಗೊತ್ತು. ಜರಡಿ ಹಿಡಿದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ನಿಂಬೆರಸ, ಕರ್ಪೂರದ ಜತೆ ಅರಿಶಿನವನ್ನೂ ಸುರಿದು, ಸಲಿಕೆಯಲ್ಲಿ ಮಗುಚಿ ಮಗುಚಿ ಹದಕ್ಕೆ ತರುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ತರಚಿದ ಮೊಣಕಾಲಿಗೆ ಮದ್ದು ಆ ಮಣ್ಣಲ್ಲೇ ಇರುತ್ತದೆ. ಜೋಡಿ ಬೀಳುವ ಮುನ್ನ ಪೈಲ್ವಾನ ಒಂದು ಹಿಡಿ ಮಣ್ಣೆತ್ತಿ ತನ್ನ ಮೈಗೂ ಎದುರಾಳಿಯ ಮೈಗೂ ಸವರುತ್ತಾನೆ, ಬೆವರಿಗೆ ಹಿಡಿತ ಜಾರದಿರಲಿ ಎಂದು. ಸೋಲಿಸಬೇಕಾದವನ ಮೈಗೂ ಸವರುವುದಿದೆಯಲ್ಲ, ಆ ರಿವಾಜು ಗಮನಿಸುವಂಥದ್ದು.

ಈ ಸೀಮೆಯ ಮಂದಿ ಒಲಿಂಪಿಕ್ಸ್‌ಗೆ ಮೊದಲು ಹೋದದ್ದು ಮಾತ್ರ ಬರೀ ಕುಸ್ತಿಗಲ್ಲ, ಓಟಕ್ಕೂ. ಪುಣೆಯ ಡೆಕ್ಕನ್ ಜಿಮಖಾನಾ ನಡೆಸಿದ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡ ದೊರಾಬ್‌ಜಿ ಟಾಟಾ, ಇವರನ್ನು ಆ್ಯಂಟ್‌ವರ್ಪಿಗೆ ಕಳಿಸೋಣ ಎಂದು ಪಟ್ಟು ಹಿಡಿದರು. 1920ರ ಆ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ, ಸಾತಾರೆಯ ಸದಾಶಿವ ದಾತಾರ್, ಹುಬ್ಬಳ್ಳಿಯಿಂದ ಹೋದ ಇನ್ನೊಬ್ಬ ಓಟಗಾರ, ಕೊಲ್ಹಾಪುರ ಸೀಮೆಯ ಪೈಲ್ವಾನ ರಣಧೀರ ಶಿಂಧೆ ಇದ್ದರು. ಮ್ಯಾರಥಾನ್‌ನಲ್ಲಿ ಫಡೆಪ್ಪ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿ 19ನೆಯವರಾದರು. ಆ ವರ್ಷದ ಮ್ಯಾರಥಾನ್ ಇಂದಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಶಿಂಧೆ ನಾಲ್ಕನೆಯ ಸ್ಥಾನದವರೆಗೆ ಹೋಗಿ ಬಂದರು. ಪದಕ ಒಂದು ಕುಸ್ತಿಯಷ್ಟು ದೂರದಲ್ಲಿ ಉಳಿಯಿತು.

ಮಣ್ಣಿನವರಿಗೆ ಮ್ಯಾಟು ಕೊಟ್ಟ ಪೆಟ್ಟನ್ನು ಮೊದಲು ಚೆನ್ನಾಗಿ ಅರಿತವರು ಕರಾಡ ಸಮೀಪದ ಗೋಳೇಶ್ವರದ ಖಾಶಾಬಾ ಜಾಧವ್. ಮಣ್ಣಲ್ಲಿ ಕಾಲು ಹೂತು ನಿಲ್ಲುತ್ತದೆ. ಮ್ಯಾಟಿನ ಮೇಲೆ ಅದು ಆಗದು. ಜಾತ್ರೆಯ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗುವವರೆಗೂ ಆಟ, ಹೊತ್ತು ಮುಳುಗಿದರೂ ಸರಿ. ಒಲಿಂಪಿಕ್ಸ್‌ನಲ್ಲಿ ಗಡಿಯಾರವಿದೆ, ಅಂಕಗಳಿವೆ. 1948ರ ಲಂಡನ್ನಿನಲ್ಲಿ ಅವರು ಆರನೆಯವರಾದರು. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಅಲ್ಲಿ ಗೆದ್ದ ಕಂಚು ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಊರಿಗೆ ಮರಳಿದಾಗ ನೂರಕ್ಕೂ ಮಿಕ್ಕಿ ಎತ್ತಿನ ಗಾಡಿಗಳು ಮೆರವಣಿಗೆಗೆ ಬಂದವು. ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ ಕೆಲಸವೆಂದರೆ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಲ್ಲಿ ಪ್ರಾಂಶುಪಾಲರ ಮನೆ ಬಿಡಿಸಿಕೊಟ್ಟದ್ದು. ಸರ್ಕಾರದ ಅರ್ಜುನ ಪ್ರಶಸ್ತಿ ಬಂದಾಗ ಅವರು ತೀರಿಹೋಗಿ ಒಂದೂವರೆ ದಶಕ ದಾಟಿತ್ತು.

ಹತ್ತು ವರ್ಷದ ಬಳಿಕ ಸಾಂಗ್ಲಿ ಜಿಲ್ಲೆಯ ಸರದಿ. ಮಿರಜ್ ತಾಲ್ಲೂಕಿನ ಕವಠೆಪಿರಾಣದ ಮಾರುತಿ ಮಾನೆ ಮತ್ತು ಶಿರಾಳಾ ತಾಲ್ಲೂಕಿನ ಪುನವತ್‌ನ ಗಣಪತರಾವ್ ಆಂದಳಕರ್ 1962ರ ಆಗಸ್ಟಿನಲ್ಲಿ ಏಷ್ಯನ್ ಗೇಮ್ಸ್‌ಗೆಂದು ಜಕಾರ್ತಕ್ಕೆ ಹೋದರು. ಭಾರತೀಯರಿಗೆ ಅಂಥ ಕೆಟ್ಟ ಕಾಲ ಇನ್ನೊಂದಿರಲಿಕ್ಕಿಲ್ಲ. ಇಸ್ರೇಲ್ ಮತ್ತು ತೈವಾನಿನ ಆಟಗಾರರಿಗೆ ಇಂಡೋನೇಷ್ಯಾ ವೀಸಾ ಕೊಡಲಿಲ್ಲ. ಒಲಿಂಪಿಕ್ ಸಮಿತಿಯಲ್ಲಿದ್ದ ಭಾರತದ ಜಿ.ಡಿ. ಸೋಂಧಿ ಇದನ್ನು ಖಂಡಿಸಿದ್ದೇ ತಡ, ಸಿಟ್ಟಿಗೆದ್ದ ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿತು. ಭಾರತದ ಫುಟ್‌ಬಾಲ್ ತಂಡ ಫೈನಲ್ ಆಡಿ ಗೆದ್ದದ್ದು ಕಿವಿಗಡಚಿಕ್ಕುವ ಧಿಕ್ಕಾರದ ನಡುವೆ.

ಅದೇ ಊರಿನಲ್ಲಿ ಒಂದೇ ಜಿಲ್ಲೆಯ ಇಬ್ಬರು ಪೈಲ್ವಾನರು ನಾಲ್ಕು ಪದಕ ಗೆದ್ದರು. ಮಾನೆ ಫ್ರೀಸ್ಟೈಲ್‌ನ 97 ಕೆ.ಜಿ. ವಿಭಾಗದಲ್ಲಿ ಚಿನ್ನ, ಗ್ರೀಕೋ-ರೋಮನ್‌ನಲ್ಲಿ ಬೆಳ್ಳಿ. ಅದಕ್ಕೂ ಭಾರದವರ ವಿಭಾಗದಲ್ಲಿ ಆಂದಳಕರ್ ಇದನ್ನೇ ತಿರುವಿ ಹಾಕಿದರು: ಗ್ರೀಕೋ-ರೋಮನ್‌ನಲ್ಲಿ ಚಿನ್ನ, ಫ್ರೀಸ್ಟೈಲ್‌ನಲ್ಲಿ ಬೆಳ್ಳಿ. ಇವುಗಳಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವುದು ಗ್ರೀಕೋ-ರೋಮನ್ ಪದಕಗಳು. ಆ ಪ್ರಕಾರದಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲು ಕೊಡುವಂತಿಲ್ಲ. ನಮ್ಮ ತಾಲೀಮುಗಳಲ್ಲಿ ಹುಡುಗನಿಗೆ ಕಲಿಸುವ ಮೊದಲ ಪಟ್ಟೇ ಎದುರಾಳಿಯ ಕಾಲಿಗೆ ಬೀಳುವುದು. ಬಲಗೈ ಕಟ್ಟಿ ಊಟಕ್ಕೆ ಕೂರಿಸಿದ ಹಾಗೆ ಅದು. ಆಂದಳಕರ್ ಹಾಗೆ ಕೂತೂ ಎಲ್ಲರಿಗಿಂತ ಮೊದಲು ಎಲೆ ಖಾಲಿ ಮಾಡಿದರು ಎನ್ನಬೇಕು.

ಜಕಾರ್ತಕ್ಕೆ ಹೋಗುವ ಹೊತ್ತಿಗೆ ಆಂದಳಕರ್ 1960ರ ಹಿಂದ್ ಕೇಸರಿ. ಮಾನೆಗೆ ಆ ಬಿರುದಿನ ಗದೆ 1964ರಲ್ಲಿ ಒಲಿಯಿತು. ಅದೇ ವರ್ಷ ಆಂದಳಕರ್ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು, ಅರ್ಜುನ ಪ್ರಶಸ್ತಿಯನ್ನೂ ಪಡೆದರು. ಮಾನೆಗೆ ಧ್ಯಾನ್‌ಚಂದ್ ಪ್ರಶಸ್ತಿ ಸಿಕ್ಕಿದ್ದು 2005ರಲ್ಲಿ, ಜಕಾರ್ತದ 43 ವರ್ಷಗಳ ನಂತರ. ಹಳ್ಳಿಗಳಲ್ಲಿ ಮಾತ್ರ ಕೇಸರಿಯ ಗದೆಗೇ ಹೆಚ್ಚಿನ ಮರ್ಯಾದೆ. ಏಷ್ಯಾದ ಚಿನ್ನ ದೂರದ ಊರಿನ ಸುದ್ದಿ, ಗದೆ ಹೆಗಲ ಮೇಲೆ ಕಣ್ಣೆದುರೇ ಬರುವಂಥದ್ದು.

ಪೇಟಕರ್ ದಾರಿ ಬೇರೆ. ಅವರು ಸೇನೆ ಸೇರಿದರು. ಯಂತ್ರೋಪಕರಣ ನೋಡಿಕೊಳ್ಳುವ ಇ.ಎಂ.ಇ. ದಳದಲ್ಲಿ ಕುಶಲಕರ್ಮಿ, ಬಿಡುವಿನಲ್ಲಿ ಬಾಕ್ಸರ್. 1965ರ ಯುದ್ಧದಲ್ಲಿ ಮೈತುಂಬ ಗುಂಡು ಬಿದ್ದವು. ಒಂದು ಬೆನ್ನುಹುರಿಯಲ್ಲೇ ಉಳಿಯಿತು, ಸೊಂಟದ ಕೆಳಗಿನ ಸ್ವಾಧೀನ ಹೋಯಿತು. ನೀರಿಗಿಳಿದದ್ದು ಸ್ಪರ್ಧೆಗೆಂದಲ್ಲ, ಚಿಕಿತ್ಸೆಗೆಂದು. ನೀರಿನಲ್ಲಿ ಕಾಲಿನ ಹಂಗಿಲ್ಲ, ತೋಳಿನದೇ ಕಾರುಬಾರು. 1968ರಲ್ಲಿ ಟೆಲ್ ಅವೀವ್‌ಗೆ ಟೇಬಲ್ ಟೆನಿಸ್ ಆಡಲು ಹೋಗಿ ಬಂದರು. 1972ರ ಕೂಟ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನಡೆಯಿತು. ಒಲಿಂಪಿಕ್ಸ್ ನಡೆದ ಮ್ಯೂನಿಕ್‌ನಲ್ಲೇ ಯಾಕಾಗಲಿಲ್ಲ ಎಂದರೆ, ಅಲ್ಲಿನ ಕ್ರೀಡಾಗ್ರಾಮವನ್ನು ಆಟ ಮುಗಿದೊಡನೆ ಖಾಸಗಿ ಮನೆಗಳಾಗಿ ಮಾರ್ಪಡಿಸುವುದಿತ್ತಂತೆ. ಅಂಗವಿಕಲರ ಆಟಕ್ಕೆ ಆಗ ಇದ್ದ ಬೆಲೆ ಅಷ್ಟು.

ಹೈಡೆಲ್‌ಬರ್ಗಿನ ಕೊಳದಲ್ಲಿ ಪೇಟಕರ್ 50 ಮೀಟರ್ ಫ್ರೀಸ್ಟೈಲ್ ಅನ್ನು 37.33 ಸೆಕೆಂಡಿಗೆ ಈಜಿದರು. ಚಿನ್ನ, ಜತೆಗೆ ವಿಶ್ವದಾಖಲೆ. ಸಾಲದ್ದಕ್ಕೆ ಜಾವೆಲಿನ್ ಮತ್ತು ಗಾಲಿಕುರ್ಚಿ ಸ್ಲಾಲಮ್‌ನಲ್ಲೂ ಸೆಣಸಿದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನಲ್ಲಿ ಮುಂದಿನ ಚಿನ್ನ ಬಂದದ್ದು 2004ರಲ್ಲಿ, ದೇವೇಂದ್ರ ಝಾಝರಿಯಾ ಅವರಿಂದ. ನಡುವಿನ ಆ 32 ವರ್ಷ ಪೇಟಕರ್ ಹೆಸರು ಎಷ್ಟು ಜನರಿಗೆ ಗೊತ್ತಿತ್ತು? ಪದ್ಮಶ್ರೀ 2018ರಲ್ಲಿ ಬಂತು. 2024ರಲ್ಲಿ ಅವರ ಬದುಕನ್ನು ಆಧರಿಸಿದ ‘ಚಂದು ಚಾಂಪಿಯನ್’ ಸಿನಿಮಾ ತೆರೆಕಂಡ ಮೇಲಷ್ಟೇ ಹೆಸರು ಮನೆಮಾತಾಯಿತು. ಅರ್ಜುನ ಪ್ರಶಸ್ತಿ ಅದರ ಬೆನ್ನಿಗೆ ಬಂತು. ಸಿನಿಮಾಕ್ಕೆ ಮೊದಲೇ ಬರಬಹುದಿತ್ತು ಎನ್ನುವುದು ಹೇಳಲೇಬೇಕಾದ ಮಾತು.

ಆಮೇಲೆ ಸಾಂಗ್ಲಿಯ ಹೆಸರು ಜಾಗತಿಕ ಕೂಟಗಳಲ್ಲಿ ಜೋರಾಗಿ ಕೇಳಿಸಿದ್ದು 2022ರ ಜುಲೈ 30ರಂದು, ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ. ಭಾರ ಎತ್ತುವ 55 ಕೆ.ಜಿ. ವಿಭಾಗಕ್ಕೆ ಬಂದವರು ಸಂಕೇತ್ ಮಹಾದೇವ ಸರಗರ್. ಸಾಂಗ್ಲಿಯಲ್ಲಿ ತಂದೆಯದು ಪಾನ್ ಅಂಗಡಿ, ಜತೆಗೆ ಚಹಾ. ಮಗನೂ ಅಲ್ಲಿ ಕೈಜೋಡಿಸಿದವನೇ. ಸ್ನ್ಯಾಚ್‌ನಲ್ಲಿ 113 ಕಿಲೋ ಎತ್ತಿ ಎಲ್ಲರಿಗಿಂತ ಬಹಳ ಮುಂದಿದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲ ಬಾರಿಗೆ 135 ಸಲೀಸಾಗಿ ಮೇಲೆದ್ದಿತು. ಎರಡನೆಯ ಬಾರಿ 139. ಭಾರ ತಲೆಯ ಮೇಲೇರುವಾಗ ಬಲ ಮೊಣಕೈ ಕೈಕೊಟ್ಟಿತು, ಸರಳು ನೆಲಕ್ಕೆ ಬಿತ್ತು. ನೋವಿನಲ್ಲೇ ಮೂರನೆಯ ಯತ್ನಕ್ಕೂ ಬಂದರು, ಅದೂ ನಿಲ್ಲಲಿಲ್ಲ. ಒಟ್ಟು 248. ಕೊನೆಗೆ ಮಲೇಷ್ಯಾದ ಅನೀಕ್ ಕಸ್ದಾನ್ 142 ಎತ್ತಿ ಒಟ್ಟು 249 ಮಾಡಿಕೊಂಡರು. ಒಂದು ಕಿಲೋ, ಅಂಗಡಿಯ ಸಕ್ಕರೆ ಪೊಟ್ಟಣದಷ್ಟು. ಮೂರನೆಯವರು 225ರಲ್ಲಿದ್ದರು ಎಂದರೆ ಈ ಇಬ್ಬರ ಪೈಪೋಟಿಯ ಅಂದಾಜು ಸಿಗುತ್ತದೆ.

ಭಾರತಕ್ಕೆ ಆ ಕೂಟದ ಮೊದಲ ಪದಕ ಅದು. ಎರಡನೆಯದು ಅದೇ ದಿನ ಕುಂದಾಪುರ ಕಡೆಯ ಗುರುರಾಜ ಪೂಜಾರಿಯಿಂದ, 61 ಕೆ.ಜಿ. ವಿಭಾಗದಲ್ಲಿ ಕಂಚು. ತಮಾಷೆಯೆಂದರೆ ಹಿಂದಿನ 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಭಾರತದ ಪದಕದ ಖಾತೆ ತೆರೆದವರು ಇದೇ ಗುರುರಾಜ, ಎತ್ತಿದ್ದು 249 ಕಿಲೋ, ಸಿಕ್ಕಿದ್ದು ಬೆಳ್ಳಿ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಂಗ್ಲಿಯ ಪಾಲು ಅಲ್ಲಿಗೇ ಮುಗಿಯಲಿಲ್ಲ. ಮಹಿಳಾ ಕ್ರಿಕೆಟ್ ಕಾಮನ್‌ವೆಲ್ತ್‌ಗೆ ಮೊದಲ ಬಾರಿ ಸೇರಿದ ವರ್ಷ ಅದು. ಸಾಂಗ್ಲಿಯ ಮಾಧವನಗರದಲ್ಲಿ ಬೆಳೆದ ಸ್ಮೃತಿ ಮಂಧಾನಾ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 32 ಎಸೆತಕ್ಕೆ 61 ಬಾರಿಸಿದರು. ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಭಾರತ 9 ರನ್ನಿಗೆ ಸೋತು ಬೆಳ್ಳಿಗೆ ನಿಂತಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಶ್ರೀಲಂಕಾ ಎದುರು ಅವರ 46 ರನ್ ಚಿನ್ನಕ್ಕೆ ದಾರಿ ಮಾಡಿತು. ಟೆಸ್ಟ್ ನಾಯಕರಾಗಿದ್ದ ವಿಜಯ್ ಹಜಾರೆ 1915ರಲ್ಲಿ ಹುಟ್ಟಿದ್ದೂ ಸಾಂಗ್ಲಿಯಲ್ಲೇ. ಆದರೆ ಅವರ ಕಾಲದ ಕ್ರಿಕೆಟಿಗರಿಗೆ ಇಂಥ ಕೂಟದ ಪದಕ ಕನಸಿನಲ್ಲೂ ಇರಲಿಲ್ಲ.

ಜಿಲ್ಲೆಯ ಪೂರ್ವಕ್ಕೆ ಹೋದಂತೆ ಕೃಷ್ಣೆಯ ಹಸಿರು ಹಿಂದೆ ಬೀಳುತ್ತದೆ, ಬರದ ಆಟಪಾಡಿ ತಾಲ್ಲೂಕು ಬರುತ್ತದೆ. ಅಲ್ಲಿನ ಕರಗಣಿಯ ಸಚಿನ್ ಸರ್ಜೇರಾವ್ ಖಿಲಾರಿ ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದರು. ಗಾಯ ಕೊಳೆತು ಎಡಗೈ ಊನವಾಯಿತು. ಮುಂದೆ ಎಂಜಿನಿಯರಿಂಗ್ ಓದಿದರು, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಹುಡುಗರಿಗೆ ಪಾಠ ಹೇಳಿದರು, ಗುಂಡು ಎಸೆದರು. 2023 ಮತ್ತು 2024ರಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್‌ನ ಚಿನ್ನ, ನಡುವೆ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನ ಚಿನ್ನ. 2024ರ ಸೆಪ್ಟೆಂಬರ್ 4ರಂದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಕೈ ಊನವಾದವರ ಎಫ್46 ವಿಭಾಗದ ಗುಂಡು ಎಸೆತದಲ್ಲಿ ಎರಡನೆಯ ಯತ್ನಕ್ಕೆ ಅವರ ಗುಂಡು 16.32 ಮೀಟರಿಗೆ ಹೋಗಿ ಬಿದ್ದಿತು. ಏಷ್ಯಾದಲ್ಲಿ ಆ ವಿಭಾಗದ ಯಾರೂ ಅಷ್ಟು ದೂರ ಎಸೆದಿರಲಿಲ್ಲ. ಚಿನ್ನ ಕೆನಡಾದ ಗ್ರೆಗ್ ಸ್ಟೀವರ್ಟ್‌ಗೆ ಹೋಯಿತು. ಏಳು ಅಡಿ ಮೀರಿದ ಆಳು; ಎಸೆದದ್ದು 16.38.