ನಶಿಸದೆ ಉಳಿಯುವ ನರಕೋಶಗಳು

ಪಾರ್ಕಿನ್‌ಸನ್ ರೋಗದಲ್ಲಿ ಡೋಪಮೀನ್ ಉತ್ಪಾದಿಸುವ ನರಕೋಶಗಳು ಕ್ಷಯಿಸುತ್ತವೆಂಬುದು ವಿದ್ಯಾರ್ಥಿಗಳಿಗೆ ವಿದಿತವಾದ ವಿಷಯ. ಆದರೆ ಅವೆಲ್ಲವೂ ಕ್ಷಯಿಸುವುದಿಲ್ಲ. ಕೆಲವು ಉಳಿಯುವುದೇಕೆಂಬ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದರಲ್ಲಿ ಬೆಂಗಳೂರಿಗೆ ದೊಡ್ಡ ಪಾಲೇ ಉಂಟು.

ನಡುಮಿದುಳಿನಲ್ಲಿ ಕಪ್ಪಾಗಿ ಕಾಣುವ 'ಕೃಷ್ಣವಸ್ತು'ವೇ ಈ ರೋಗದ ನೆಲೆಯೆಂದು 1919ರಲ್ಲಿ ಟ್ರೆಟಿಯಾಕಾಫ್ ಅವರು ಸೂಚಿಸಿದರು. 1938ರಲ್ಲಿ ಜರ್ಮನಿಯ ಹಾಸ್ಲರ್ ಅವರು ಅದನ್ನು ಸೂಕ್ಷ್ಮವಾಗಿ ಪರಿಶೀಲಿಸಿ, ಕ್ಷಯವು ಎಲ್ಲೆಡೆ ಸಮನಾಗಿಲ್ಲವೆಂದು ಕಂಡರು. ಅದರ ಮಗ್ಗುಲಲ್ಲೇ ಡೋಪಮೀನ್ ತಯಾರಿಸುವ ಮತ್ತೊಂದು ಕೋಶಸಮೂಹವಿದ್ದು, ಅದು ಬಹುಮಟ್ಟಿಗೆ ಪಾರಾಗುತ್ತದೆ. ಡೋಪಮೀನೊಂದೇ ವಿಷವಾಗಿದ್ದರೆ ಹೀಗಾಗುತ್ತಿರಲಿಲ್ಲ. ಕಪ್ಪು ವರ್ಣದ್ರವ್ಯ ಹೆಚ್ಚಿರುವ ಕಡೆ ನಷ್ಟವೂ ಹೆಚ್ಚೆಂದು 1988ರಲ್ಲಿ ಪ್ಯಾರಿಸಿನ ಹಿರ್ಶ್ ಮತ್ತು ಸಂಗಡಿಗರು ತೋರಿಸಿದ ಮೇಲೆ, ಶಂಕೆಯು ವರ್ಣದ್ರವ್ಯದ ಕಡೆ ತಿರುಗಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಉದಯ್ ಮುಥಾನೆ, ಟಿ.ಸಿ. ಯಶಾ ಮತ್ತು ಎಸ್.ಕೆ. ಶಂಕರ್ ಅವರು 1998ರಲ್ಲಿ ಪ್ರಕಟಿಸಿದ ಎಣಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರೋಗವಿಲ್ಲದ ಭಾರತೀಯರ ಮಿದುಳುಗಳಲ್ಲಿ ಈ ಕಪ್ಪು ಕೋಶಗಳು ಬ್ರಿಟನ್ನಿನ ಎಣಿಕೆಗಿಂತ ಸುಮಾರು ಶೇಕಡ 40ರಷ್ಟು ಕಡಿಮೆಯಿದ್ದುವು. ಆದರೂ ವಯಸ್ಸೇರಿದಂತೆ ಅವು ಇಳಿಯಲಿಲ್ಲ. ಮುಪ್ಪಿನೊಡನೆ ಈ ಕೋಶಗಳು ಸವೆಯುವುದು ಸಹಜವೆಂಬ ಪಾಶ್ಚಾತ್ಯ ಅಭಿಪ್ರಾಯಕ್ಕೆ ಇದು ಎದುರಾಗಿ ನಿಂತಿತು. ಎರಡು ದೇಶಗಳ ಎಣಿಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅಷ್ಟು ಕ್ಷೇಮವಲ್ಲ, ನಿಜ. ಆದರೆ ವಯಸ್ಸಿನ ಮಾತಿಗೆ ಈ ಆಕ್ಷೇಪವು ತಟ್ಟದು. ಅದು ಒಂದೇ ಪ್ರಯೋಗಶಾಲೆಯೊಳಗಿನ ಹೋಲಿಕೆ. 2009ರಲ್ಲಿ ಫಾಲ್ಗುಣಿ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಮತ್ತೆ ಎಣಿಸಿದಾಗಲೂ ವಯಸ್ಸಿನೊಡನೆ ನಷ್ಟ ಕಂಡುಬರಲಿಲ್ಲ. ಈ ಕೋಶಗಳನ್ನು ಪೋಷಿಸುವ ಜಿಡಿಎನ್‌ಎಫ್ ಎಂಬ ಪ್ರೋಟೀನಿನ ಗ್ರಾಹಕಗಳೂ ವೃದ್ಧರಲ್ಲಿ ಉಳಿದಿರುವುದನ್ನು ಅವರೇ 2010ರಲ್ಲಿ ತೋರಿಸಿದರು.

ಮುಂದೆ ಅದೇ ಸಂಸ್ಥೆಯಲ್ಲಿ ಇಲಿಗಳ ಮೇಲೆ ಪ್ರಯೋಗಗಳು ನಡೆದುವು. ಎಂಪಿಟಿಪಿ ವಿಷಕ್ಕೆ ಬೇಗ ಬಲಿಯಾಗುವ ಕಪ್ಪು ತಳಿಗಿಂತ ಅದನ್ನು ತಾಳಿಕೊಳ್ಳುವ ಬಿಳಿಯ ತಳಿಯಲ್ಲಿ ಕೋಶಗಳು ಹೆಚ್ಚಿದ್ದುವು. ಎರಡನ್ನೂ ಬೆರೆಸಿ ಪಡೆದ ಸಂತತಿಗೂ ತಾಳಿಕೆ ಬಂದಿತು. ಇಲಿಗಳಲ್ಲಿ ಸಂಖ್ಯೆಯೇ ರಕ್ಷೆಯೆಂದು ತೋರಿದರೆ, ಮನುಷ್ಯರಲ್ಲಿ ಕಡಿಮೆ ಸಂಖ್ಯೆಯೂ ಬಾಳಿತ್ತು. ಈ ವಿರೋಧವನ್ನು ಸುಲಭವಾಗಿ ಪರಿಹರಿಸಲಾಗದು.

ಕ್ಯಾಲ್ಸಿಯಂ ಪ್ರವೇಶವನ್ನು ತಡೆದರೆ ಕೋಶಗಳು ಉಳಿಯಬಹುದೆಂಬ ಅಮೆರಿಕದ ವಾದವು ಇಲಿಗಳಲ್ಲಿ ಫಲಿಸಿತು. ಆದರೆ ಇಸ್ರಡಿಪಿನ್ ಔಷಧವು ರೋಗಿಗಳಲ್ಲಿ ವ್ಯಾಧಿಯ ಗತಿಯನ್ನು ತಗ್ಗಿಸಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. 2022ರಲ್ಲಿ ಅಮೆರಿಕದ ಸಂಶೋಧಕರು ಕೃಷ್ಣವಸ್ತುವಿನ ಡೋಪಮೀನ್ ಕೋಶಗಳನ್ನು ಜೀನುಗಳ ಆಧಾರದಿಂದ ಹತ್ತು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಒಂದು ಬಗೆ ಮಾತ್ರ ವಿಶೇಷವಾಗಿ ನಶಿಸುವುದನ್ನು ಕಂಡರು. 1998ರ ಎಣಿಕೆಗೆ ಈ ಭೇದ ಗೋಚರವಾಗುವಂತಿರಲಿಲ್ಲ. ಅಲ್ಲಿ ಕಪ್ಪು ಕೋಶಗಳೆಲ್ಲವೂ ಒಂದೇ ಲೆಕ್ಕಕ್ಕೆ ಸೇರಿದ್ದುವು.