ಕೊಟ್ಟ ಪರವಾನಗಿಯನ್ನು ಹಿಂಪಡೆಯಬಹುದೆ?

ಸಭಾಪರ್ವದ ಪಾಠ ಮುಗಿದ ದಿನ ತರಗತಿಯ ಯಾವುದಾದರೊಂದು ಮೂಲೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ: "ಧೃತರಾಷ್ಟ್ರ ಎಲ್ಲವನ್ನೂ ಹಿಂದಕ್ಕೆ ಕೊಟ್ಟಮೇಲೆ ಮತ್ತೆ ಯಾಕೆ ಆಡಿದರು, ಸಾರ್?" ದ್ಯೂತದ ಕಥೆ ನಮಗೆಲ್ಲ ಬಾಯಿಪಾಠ, ಅನುದ್ಯೂತವನ್ನು ಮಾತ್ರ ಮರೆತುಬಿಡುತ್ತೇವೆ. ಮೊದಲಿನ ಆಟವನ್ನು ಅರಸನೇ ರದ್ದುಪಡಿಸಿದ್ದನು. ಪಾಂಡವರು ಇನ್ನೂ ದಾರಿಯಲ್ಲಿರುವಾಗಲೇ ಮರಳಿ ಕರೆ ಬಂದಿತು; ದಾಳಗಳು ಮತ್ತೆ ಉರುಳಿದುವು.

ಈಗ ಅರಸನಿಲ್ಲ, ಶಾಸನಸಭೆಯಿದೆ. ಸಭೆಯೇ ಕಾನೂನು ಮಾಡಿ ಜೂಜಿಗೆ ಒಪ್ಪಿಗೆ ಕೊಟ್ಟರೆ, ಸಾಮಾನ್ಯ ಪ್ರಜೆಗಳು ಅದನ್ನು ಹಿಂತೆಗೆಸಬಲ್ಲರೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾಗೊಂದು ಪ್ರಯತ್ನ ನಡೆಯಿತು. ವಾಚಕರು ತುಸು ತಾಳ್ಮೆಯಿಂದ ಕೇಳಬೇಕು, ಏಕೆಂದರೆ ಈ ಕಥೆಯಲ್ಲಿ ಗೆಲುವೂ ಸೋಲೂ ಹೆಣೆದುಕೊಂಡಿವೆ.

2011ರ ನವೆಂಬರಿನಲ್ಲಿ ಅಲ್ಲಿನ ರಾಜ್ಯಪಾಲ ಡೆವಾಲ್ ಪ್ಯಾಟ್ರಿಕ್ ಅವರು ಒಂದು ಶಾಸನಕ್ಕೆ ಸಹಿ ಹಾಕಿದರು. ರಾಜ್ಯದಲ್ಲಿ ಮೂರರವರೆಗೆ ಕ್ಯಾಸಿನೊಗಳೂ, ನಾಣ್ಯ ನುಂಗುವ ಯಂತ್ರಗಳದೇ ಒಂದು ಮನೆಯೂ ಏಳಬಹುದೆಂದು ಅದರ ವಿಧಿ. ಕ್ಯಾಸಿನೊ ಎಂದರೆ ಇಸ್ಪೀಟು, ತಿರುಗುವ ಚಕ್ರ, ಯಂತ್ರ, ಊಟ, ವಸತಿ ಎಲ್ಲವೂ ಒಂದೇ ಸೂರಿನಡಿ ಇರುವ ಜೂಜಿನ ಅರಮನೆ. ಒಂದೊಂದು ಕ್ಯಾಸಿನೊದ ಪರವಾನಗಿಗೆ 8.5 ಕೋಟಿ ಡಾಲರು ಶುಲ್ಕ. ಆಟದ ವರಮಾನದಲ್ಲಿ ನೂರಕ್ಕೆ 25 ಪಾಲು ಸರಕಾರಕ್ಕೆ. ಖಜಾನೆಗೆ ಹಣ, ಕೈಗಳಿಗೆ ಕೆಲಸ ಎಂಬುದೇ ಸಮರ್ಥನೆ. ಆ ಸಮರ್ಥನೆಯನ್ನು ಹಗುರವಾಗಿ ತೆಗೆದುಹಾಕಬಾರದು. ಸ್ಪ್ರಿಂಗ್‌ಫೀಲ್ಡ್ ನಗರ 2011ರ ಜೂನ್ ತಿಂಗಳ ಸುಂಟರಗಾಳಿಗೆ ಸಿಕ್ಕಿ ನೊಂದಿತ್ತು; ಎವರೆಟ್ಟಿನಲ್ಲಿ ಹಳೆಯ ರಾಸಾಯನಿಕ ಕಾರ್ಖಾನೆಯ ವಿಷ ಹೀರಿದ ನೆಲ ಪಾಳುಬಿದ್ದಿತ್ತು. ಅಂಥ ಊರುಗಳವರು ಕ್ಯಾಸಿನೊ ಬರಲೆಂದು ಮತ ಹಾಕಿದ್ದನ್ನು ನಾವು ಇಷ್ಟು ದೂರದಲ್ಲಿ ಕುಳಿತು ಹಳಿಯುವುದು ನ್ಯಾಯವಲ್ಲ.

ಊರಿನ ಮತವೆಂದೆನಲ್ಲವೆ? ಶಾಸನದಲ್ಲಿ ಒಂದು ಕಿಂಡಿಯಿತ್ತು: ಯಾವ ಊರಿನಲ್ಲಿ ಕ್ಯಾಸಿನೊ ಬರಬೇಕೋ ಆ ಊರಿನವರು ಮೊದಲು ಮತ ಹಾಕಿ ಒಪ್ಪಬೇಕು. ಕೋಟಿಗಟ್ಟಲೆ ಹಣದ ಕಂಪನಿಗಳು ತತ್ತರಿಸಿದ್ದು ಈ ಕಿಂಡಿಯಲ್ಲಿಯೇ. 2013ರ ಸೆಪ್ಟೆಂಬರಿನಲ್ಲಿ ವೆಸ್ಟ್ ಸ್ಪ್ರಿಂಗ್‌ಫೀಲ್ಡ್ ಬೇಡವೆಂದಿತು. ನವೆಂಬರಿನಲ್ಲಿ ಬಾಸ್ಟನ್ನಿನ ಒಂದು ಭಾಗವಾದ ಈಸ್ಟ್ ಬಾಸ್ಟನ್, ಅದೇ ದಿನ ಪಾಮರ್, ಎರಡು ವಾರ ಕಳೆದು ಮಿಲ್ಫರ್ಡ್ ಬೇಡವೆಂದುವು. ಪಾಮರಿನಲ್ಲಿ ಅಂತರ ನೂರು ಮತಕ್ಕಿಂತಲೂ ಕಡಿಮೆ. ಈಸ್ಟ್ ಬಾಸ್ಟನ್ನು ವಲಸೆ ಬಂದವರೂ ದುಡಿಮೆಗಾರರೂ ಹೆಚ್ಚಾಗಿರುವ ಕೇರಿ. ಕುದುರೆಪಂದ್ಯದ ಬಯಲಿನಲ್ಲಿ ಏಳಬೇಕಾಗಿದ್ದ ಕ್ಯಾಸಿನೊವನ್ನು ಅಲ್ಲಿನ ನೆರೆಹೊರೆಯವರು ಕೂಡಿಕೊಂಡು ಎದುರಿಸಿ ಗೆದ್ದರು.

ಊರೂರಿಗೆ ತಡೆಯುವ ಬದಲು ಶಾಸನವನ್ನೇ ಕಿತ್ತುಹಾಕಿಸಿದರೆ? ಆ ರಾಜ್ಯದ ಸಂವಿಧಾನದಲ್ಲಿ 1918ರಿಂದ ಅದಕ್ಕೊಂದು ಮಾರ್ಗವಿದೆ. ಸಾಕಷ್ಟು ಮತದಾರರು ಅರ್ಜಿಗೆ ಸಹಿ ಹಾಕಿದರೆ ಪ್ರಶ್ನೆಯನ್ನು ಎಲ್ಲ ಪ್ರಜೆಗಳ ಮತಕ್ಕೆ ಇಡಬಹುದು. ಈ ಸಲ ಬೇಕಾಗಿದ್ದ ಸಹಿಗಳು 68,911. ಆಮೇಲೆ ಎರಡನೆಯ ಸುತ್ತಿನಲ್ಲಿ ಮತ್ತೂ 11,485. ಆದರೆ 2013ರ ಸೆಪ್ಟೆಂಬರಿನಲ್ಲಿ ಅಟಾರ್ನಿ ಜನರಲ್ ಮಾರ್ಥಾ ಕೋಕ್ಲಿ ಅವರು ಅರ್ಜಿಯೇ ಸಲ್ಲದೆಂದರು. ಕಂಪನಿಗಳು ಅರ್ಜಿ ಶುಲ್ಕ ಕಟ್ಟಿವೆ, ಈಗ ಶಾಸನವನ್ನು ತೆಗೆದರೆ ಪರಿಹಾರವಿಲ್ಲದೆ ಅವುಗಳ ಹಕ್ಕನ್ನು ಕಸಿದಂತಾಗುತ್ತದೆ ಎಂಬುದು ಅವರ ವಾದ. ಕಾರ್ಯಕರ್ತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೊಕದ್ದಮೆ ತೀರುವ ಮೊದಲೇ, ಬಿದ್ದುಹೋಗಬಹುದಾದ ಅರ್ಜಿಗೆ ಸಹಿಗಳನ್ನು ಕೂಡಿಸುತ್ತ ಹೋದರು.

ಇಲ್ಲಿ ಒಂದು ಹಳೆಯ ತೀರ್ಪನ್ನು ನೆನೆಯಬೇಕು. 1867ರಲ್ಲಿ ಮಿಸಿಸಿಪಿ ರಾಜ್ಯ ಒಂದು ಸಂಸ್ಥೆಗೆ 25 ವರ್ಷದ ಸನ್ನದು ಕೊಟ್ಟಿತ್ತು. ಹೆಸರು ನೋಡಿದರೆ ಕೃಷಿ, ವಿದ್ಯೆ, ಕೈಗಾರಿಕೆಗಳ ಸಹಾಯಸಂಘ. ಕಸಬು ಮಾತ್ರ ಲಾಟರಿ! ಸ್ವಲ್ಪ ಕಾಲದಲ್ಲಿಯೇ ಆ ರಾಜ್ಯದ ಹೊಸ ಸಂವಿಧಾನ ಲಾಟರಿಯನ್ನು ನಿಷೇಧಿಸಿತು. ಸನ್ನದು ಕರಾರಲ್ಲವೆ ಎಂದು ಸಂಘದವರು ಹೋರಾಡಿದರು. ಪ್ರಜೆಗಳ ನೀತಿ ಹಾಗೂ ಕ್ಷೇಮವನ್ನು ಕಾಯುವ ಅಧಿಕಾರವನ್ನು ಯಾವ ಶಾಸನಸಭೆಯೂ ಕರಾರಿನ ಮೂಲಕ ಬಿಟ್ಟುಕೊಡಲಾರದೆಂದು ದೇಶದ ಸುಪ್ರೀಂ ಕೋರ್ಟು 1880ರಲ್ಲಿ ಹೇಳಿತು. 2014ರ ಜೂನ್ 24ರಂದು ಮ್ಯಾಸಚೂಸೆಟ್ಸಿನ ಉಚ್ಚತಮ ನ್ಯಾಯಾಲಯವೂ ಆ ತತ್ತ್ವದ ದಾರಿಯಲ್ಲೇ ಒಮ್ಮತದಿಂದ ನಡೆಯಿತು. ನ್ಯಾಯಮೂರ್ತಿ ರಾಲ್ಫ್ ಗ್ಯಾಂಟ್ಸ್ ಬರೆದ ತೀರ್ಪಿನ ಸಾರವಿಷ್ಟು: ಪರವಾನಗಿಗೆ ಅರ್ಜಿ ಹಾಕಿದವನು ಕಾನೂನು ಬದಲಾದೀತೆಂಬ ಸಾಧ್ಯತೆಯನ್ನೂ ಹೊತ್ತೇ ಬರುತ್ತಾನೆ, ಪ್ರಶ್ನೆ ಮತಕ್ಕೆ ಹೋಗಲಿ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುಳು ಈ ತೀರ್ಪು.

ನವೆಂಬರ್ 4ರ ಮತದಾನಕ್ಕೆ ಕ್ಯಾಸಿನೊ ಪಕ್ಷದವರು ಕೋಟಿ ಡಾಲರಿಗೂ ಮಿಕ್ಕಿ ಸುರಿದರು; ರದ್ದತಿಯ ಪಕ್ಷದವರಿಗೆ ಹತ್ತು ಲಕ್ಷವೂ ಒದಗಲಿಲ್ಲ. ವ್ಯಾಕರಣ ಕಲಿಸುವ ನನಗೆ ಇನ್ನೊಂದು ಸಂಗತಿ ಕುತೂಹಲದ್ದು. ಪ್ರಶ್ನೆ ಇದ್ದುದು ನಿಷೇಧದ ಬಗ್ಗೆ; ಆದ್ದರಿಂದ ಕ್ಯಾಸಿನೊ ಬೇಡವೆನ್ನುವವನು 'ಹೌದು' ಎಂದೂ, ಬೇಕೆನ್ನುವವನು 'ಇಲ್ಲ' ಎಂದೂ ಗುರುತು ಹಾಕಬೇಕಿತ್ತು. ಆದರೂ ಸೋಲನ್ನು ಈ ತೊಡಕಿನ ತಲೆಗೆ ಕಟ್ಟುವ ಹಾಗಿಲ್ಲ. ನೂರಕ್ಕೆ ಸುಮಾರು 60 ಜನ ಶಾಸನ ಉಳಿಯಲೆಂದರು. ತಮ್ಮ ಬೀದಿಗೆ ಬರುವ ಕ್ಯಾಸಿನೊವನ್ನು ತಡೆದ ರಾಜ್ಯವೇ, ಯಾರದೋ ಊರಿಗೆ ಬರುವ ಕ್ಯಾಸಿನೊ ಇರಲಿ ಎಂದಿತು. ಹಣಕ್ಕಿಂತ ಈ ದೂರವೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಎಣಿಕೆ. ಮನೆಬಾಗಿಲಿನ ಕೇಡು ಕಣ್ಣಿಗೆ ಕಾಣುತ್ತದೆ, ನಲವತ್ತು ಮೈಲಿಯಾಚೆಯದು ಬರಿಯ ವರಮಾನವಾಗಿ ಕಾಣುತ್ತದೆ.

ಯಂತ್ರಗಳ ಮನೆ 2015ರಲ್ಲಿ ಪ್ಲೇನ್‌ವಿಲ್ಲಿನಲ್ಲಿ ತೆರೆಯಿತು. 2018ರ ಆಗಸ್ಟಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ಕ್ಯಾಸಿನೊ, 2019ರ ಜೂನಿನಲ್ಲಿ ಎವರೆಟ್ಟಿನದು. ಬೇಡವೆಂದ ನಾಲ್ಕು ಕಡೆಗಳಲ್ಲೂ ಕ್ಯಾಸಿನೊ ಏಳಲಿಲ್ಲ. ಆದರೆ ಮೊದಲು ಬೇಡವೆಂದ ವೆಸ್ಟ್ ಸ್ಪ್ರಿಂಗ್‌ಫೀಲ್ಡಿಗೂ ಸ್ಪ್ರಿಂಗ್‌ಫೀಲ್ಡಿಗೂ ನಡುವೆ ಇರುವುದು ಕನೆಕ್ಟಿಕಟ್ ನದಿಯೊಂದೇ. ಸೇತುವೆ ದಾಟಿದರೆ ಆ ದಡ.