ಕಾಯದೆಯ ಹೊಸ್ತಿಲೂ ಪರಭಾಷೆಯೂ

ತುರ್ವಿಹಾಳದ ಕಡೆಯಿಂದ ಮಸ್ಕಿಗೆ ಹೋದವರು ಅಲ್ಲಿಯ ಗುಡ್ಡದಲ್ಲಿರುವ ಅಶೋಕನ ಬಂಡೆಯನ್ನು ನೋಡಿಯೇ ಇರುವರು. ೧೯೧೫ರಲ್ಲಿ ಬಂಗಾರದ ಗಣಿಯ ಎಂಜಿನಿಯರನಾಗಿದ್ದ ಬೀಡನ್ನನ ಕಣ್ಣಿಗೆ ಬಿದ್ದ ಈ ಶಾಸನದಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ, ಆ ಬಿರುದಿನ ಅರಸನು ಯಾರೆಂಬ ವಿಷಯದಲ್ಲಿ ಸಂಶಯವುಳಿಯಲಿಲ್ಲ. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಶಾಸನದ ತಾತ್ಪರ್ಯವನ್ನು ಮಾತ್ರ ಅಷ್ಟಾಗಿ ಯಾರೂ ನೆನೆಯುವದಿಲ್ಲ. ಧರ್ಮದ ಫಲವು ದೊಡ್ಡವರಿಗಷ್ಟೇ ದೊರೆಯತಕ್ಕದ್ದೆಂದು ತಿಳಿಯಬಾರದು, ಪ್ರಯತ್ನಪಟ್ಟರೆ ಅಲ್ಪನಾದವನೂ ಅದನ್ನು ಪಡೆಯಬಲ್ಲನು, ಎಂಬದು ಅದರ ಅಭಿಪ್ರಾಯ. ಇಷ್ಟು ಉದಾರವಾದ ಮಾತನ್ನು ಕೊರೆಯಿಸಿದ್ದು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿ. ಈ ಸೀಮೆಯ ಒಕ್ಕಲಿಗನಿಗೆ ಅದನ್ನು ಯಾರಾದರೂ ಓದಿ, ಬಿಡಿಸಿ ಹೇಳಬೇಕಾಗಿದ್ದಿತು.

ಇಂದು ತುರ್ವಿಹಾಳದ ಹುಡುಗನೋ ಹುಡುಗಿಯೋ ರಾಷ್ಟ್ರೀಯ ಕಾನೂನು ವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳಹೊರಟರೆ, ಎದುರಾಗುವ ಮೊದಲ ಅಡಚಣೆಯು ಕಾಯದೆಯದಲ್ಲ, ಭಾಷೆಯದು. ಈ ಅಡಚಣೆಗೆ ನಮ್ಮ ಸೀಮೆಯಲ್ಲಿ ದೀರ್ಘವಾದ ಇತಿಹಾಸವುಂಟು. ಅದನ್ನು ತಿಳಿಯದೆ ಮಕ್ಕಳ ಬುದ್ಧಿಯನ್ನು ಹಳಿಯುವದು ಅನ್ಯಾಯವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿರುವೆನು.

ಕಾಯದೆಯ ವಿದ್ಯೆಯು ನಮಗೆ ಹೊರಗಿನಿಂದ ಬಂದದ್ದೆಂದು ಭಾವಿಸುವವರು ಮಿತಾಕ್ಷರೆಯನ್ನು ಮರೆತವರು. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಈ ವ್ಯಾಖ್ಯಾನವನ್ನು ಬರೆದದ್ದು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣಪಟ್ಟಣವನ್ನೂ ಅದರ ಅರಸನನ್ನೂ ಬಾಯ್ತುಂಬ ಹೊಗಳಿರುವನು. ಬಂಗಾಲದ ಕಡೆಯ ದಾಯಭಾಗದ ಪ್ರದೇಶವನ್ನು ಬಿಟ್ಟರೆ, ಹಿಂದೂ ಕುಟುಂಬಗಳ ಆಸ್ತಿಪಾಲಿನ ವ್ಯಾಜ್ಯಗಳು ದೇಶದ ಹೆಚ್ಚಿನ ಭಾಗದಲ್ಲಿ ಈ ಗ್ರಂಥದ ಆಧಾರದ ಮೇಲೆಯೇ ತೀರ್ಮಾನವಾದವು. ಕೋಲ್‌ಬ್ರುಕ್ಕನು ಇದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿ ೧೮೧೦ರಲ್ಲಿ ಕಲಕತ್ತೆಯಲ್ಲಿ ಪ್ರಕಟಿಸಿದ ಮೇಲೆ, ನ್ಯಾಯಾಧೀಶರು ಮೂಲವನ್ನು ಬಿಟ್ಟು ಆ ಭಾಷಾಂತರವನ್ನೇ ಕೈಗೆತ್ತಿಕೊಂಡರು. ಕಲ್ಯಾಣದಲ್ಲಿ ಹುಟ್ಟಿದ ಶಾಸ್ತ್ರವನ್ನು ಕಲ್ಯಾಣದ ನೆಲದವನೇ ಇಂಗ್ಲಿಷಿನಲ್ಲಿ ಓದಿ ಪರೀಕ್ಷೆ ಕೊಡುವ ಕಾಲ ಬಂದಿತು. ವಿಜ್ಞಾನೇಶ್ವರನೂ ಅದನ್ನು ಸಂಸ್ಕೃತದಲ್ಲಿಯೇ ಬರೆದಿದ್ದನಲ್ಲವೇ ಎಂದು ಯಾರಾದರೂ ಕೇಳಿದರೆ ಒಪ್ಪಿಕೊಳ್ಳಲೇಬೇಕು. ಆದರೆ ಅದೇ ಕಾಲದಲ್ಲಿ ಊರಿನ ವ್ಯವಹಾರಗಳು ಮಹಾಜನರ ಮುಂದೆ ಕನ್ನಡದಲ್ಲಿ ನಡೆದು, ಗೆದ್ದವನಿಗೆ ಜಯಪತ್ರವು ದೊರೆಯುತ್ತಿದ್ದಿತು. ಶಾಸ್ತ್ರದ ಭಾಷೆ ಬೇರೆಯಾದರೂ ನ್ಯಾಯದ ಬಾಗಿಲಲ್ಲಿ ನಿಂತವನ ಭಾಷೆಗೆ ಅಲ್ಲಿ ಎಡೆಯಿದ್ದಿತು.

ನಿಜಾಮರ ಆಳಿಕೆಯಲ್ಲಿ ಈ ಎಡೆಯು ಬಹಳ ಕಿರಿದಾಯಿತು. ರಾಯಚೂರ ದೋಆಬವು ೧೮೫೩ರಿಂದ ೧೮೬೦ರ ವರೆಗೆ ಏಳು ವರ್ಷ ಇಂಗ್ಲಿಷರ ವಶದಲ್ಲಿದ್ದು ಮರಳಿ ಹೈದರಾಬಾದಿಗೆ ಸೇರಿತು. ಅಲ್ಲಿಯ ಕಚೇರಿಗಳಲ್ಲಿ ಮೊದಲು ಪಾರಸಿಯೂ, ೧೮೮೦ರ ದಶಕದಿಂದ ಮುಂದೆ ಉರ್ದುವೂ ನಡೆದವು. ಲಿಂಗಸುಗೂರು ೧೯೦೫ರ ವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ಅಲ್ಲಿಗೆ ದಾವೆಗೆ ಹೋದ ರೈತನು ತನ್ನ ಹೊಲದ ಮಾತನ್ನು ತನಗೇ ತಿಳಿಯದ ನುಡಿಯಲ್ಲಿ ಬರೆಯಿಸಿ ಹೆಬ್ಬೆಟ್ಟು ಒತ್ತಬೇಕಾಗಿದ್ದಿತು. ವಕೀಲಿಯ ಸನದು ಬೇಕೆಂಬವನಿಗೂ ಉರ್ದುವೇ ದಾರಿ. ಆ ಕಾಲದ ಗುರುತು ನಮ್ಮ ನಾಲಗೆಯ ಮೇಲೆ ಇನ್ನೂ ಉಳಿದಿರುವದು. ವಕೀಲ, ದಾವೆ, ಫಿರ್ಯಾದಿ, ತಕರಾರು, ಜಪ್ತಿ, ಜಾಮೀನು, ಖುಲಾಸೆ, ಕೈಫಿಯತ್ತು - ಇವುಗಳಲ್ಲಿ ಒಂದನ್ನಾದರೂ ಬಳಸದೆ ಸಿಂಧನೂರಿನ ಕೋರ್ಟಿನ ಅಂಗಳದಲ್ಲಿ ಒಂದು ತಾಸು ಮಾತಾಡುವದು ಯಾರಿಂದಲೂ ಆಗದು. ಪರಭಾಷೆಯ ಶಬ್ದಗಳನ್ನು ಜನರು ತಮ್ಮವನ್ನಾಗಿ ಮಾಡಿಕೊಂಡರು. ಪರಭಾಷೆಯ ಪರೀಕ್ಷೆಯನ್ನು ಹಾಗೆ ಮಾಡಿಕೊಳ್ಳಲು ಬರುವಂತಿರಲಿಲ್ಲ.

ಇಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾತನ್ನು ಸ್ವಲ್ಪ ಬೆಳೆಸುವದು ಅವಶ್ಯ. ೧೯೧೭ರಲ್ಲಿ ಹೈದರಾಬಾದಿನಲ್ಲಿ ಒಂದು ಭಾಷಾಂತರ ಕಾರ್ಯಾಲಯವನ್ನು ಸ್ಥಾಪಿಸಿ, ಮರುವರ್ಷ ವಿಶ್ವವಿದ್ಯಾಲಯದ ಫರ್ಮಾನನ್ನು ಹೊರಡಿಸಿದರು. ವಿಜ್ಞಾನ, ವೈದ್ಯ, ಕಾಯದೆ ಮೊದಲಾದ ಶಾಸ್ತ್ರಗಳ ಗ್ರಂಥಗಳು ಉರ್ದುವಿಗೆ ಬಂದವು. ಪಾಠಗಳೂ ಉರ್ದುವಿನಲ್ಲಿಯೇ ನಡೆದವು. ಇಂಗ್ಲಿಷು ಕಡ್ಡಾಯದ ಒಂದು ವಿಷಯವಾಗಿ ಮಾತ್ರ ಉಳಿಯಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣವು ಅಸಾಧ್ಯವೆಂದು ವಾದಿಸುವವರಿಗೆ ಇದು ಒಳ್ಳೆಯ ಉತ್ತರ. ಕಾಯದೆಯನ್ನು ಇಂಗ್ಲಿಷಿನ ಹೊರಗೆ ಕಲಿಸಬಹುದೆಂಬದನ್ನು ಹೈದರಾಬಾದು ಮಾಡಿ ತೋರಿಸಿತು. ಆದರೆ ಸಂಸ್ಥಾನದ ಪ್ರಜೆಗಳಲ್ಲಿ ಬಹುಸಂಖ್ಯರ ಮಾತುಗಳು ತೆಲುಗು, ಮರಾಠಿ, ಕನ್ನಡ. ಅವರಿಗೆ ಉರ್ದುವು ಇಂಗ್ಲಿಷಿನಷ್ಟೇ ಪರದೇಶಿಯಲ್ಲದಿದ್ದರೂ ಮನೆಮಾತಂತೂ ಅಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ ಶಾಲೆಯನ್ನು ಕಟ್ಟಿದಂತಹ ಪ್ರಯತ್ನಗಳು ನಡೆದರೂ, ಆ ಶಾಲೆಯಿಂದ ಹೊರಬಿದ್ದ ಕನ್ನಡ ಹುಡುಗನಿಗೆ ಮುಂದೆ ಎರಡು ಭಾಷೆಗಳ ಹೊಳೆಯನ್ನು ದಾಟುವದು ತಪ್ಪಲಿಲ್ಲ. ೧೯೪೮ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ತರುವಾಯ ಉಸ್ಮಾನಿಯಾದ ಪಾಠಭಾಷೆಯು ಇಂಗ್ಲಿಷಾಯಿತು. ತಪ್ಪಿದ್ದುದು ದೇಶಭಾಷೆಯ ಆಯ್ಕೆಯಲ್ಲಿ. ಕೈಬಿಟ್ಟದ್ದು ದೇಶಭಾಷೆಯ ತತ್ತ್ವವನ್ನೇ.

೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು. ೧೯೬೧ರ ವಕೀಲರ ಅಧಿನಿಯಮದಿಂದ ವಕೀಲರಲ್ಲಿಯ ಮೇಲುಕೀಳು ದರ್ಜೆಗಳು ಹೋದವು. ೧೯೬೩ರಲ್ಲಿ ಕನ್ನಡವು ರಾಜ್ಯದ ಆಡಳಿತಭಾಷೆಯಾಯಿತು. ನಮ್ಮ ಜಿಲ್ಲೆಯವರು ಉಚ್ಚ ನ್ಯಾಯಾಲಯಕ್ಕೆಂದು ಬೆಂಗಳೂರಿಗೆ ಅಲೆಯುವದು ೨೦೦೮ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠವು ಆರಂಭವಾದಾಗ ಕಡಿಮೆಯಾಯಿತು. ೨೦೧೩ರಲ್ಲಿ ಆ ಪೀಠವು ಕಾಯಮ್ಮಾಯಿತು. ದೂರವು ಹೀಗೆ ಕುಗ್ಗುತ್ತ ಬಂದಿರುವಾಗಲೇ, ವಿದ್ಯೆಯ ಕಡೆಯಲ್ಲಿ ಹೊಸದೊಂದು ಎತ್ತರವು ಎದ್ದಿತು.

ಅದೆಂದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಕರ್ನಾಟಕದ ಶಾಸನಸಭೆಯೇ ೧೯೮೬ರಲ್ಲಿ ಮಾಡಿದ ಅಧಿನಿಯಮದಿಂದ ಹುಟ್ಟಿ, ಮಾಧವ ಮೆನನ್ನರ ನಾಯಕತ್ವದಲ್ಲಿ ೧೯೮೮ರಲ್ಲಿ ಪಾಠಗಳನ್ನು ಆರಂಭಿಸಿದ ಈ ಸಂಸ್ಥೆಯು ದೇಶದ ಕಾಯದೆ ಶಿಕ್ಷಣದ ರೀತಿಯನ್ನೇ ಬದಲಿಸಿತು. ಅದರ ಮಾದರಿಯಲ್ಲಿ ಬೇರೆ ರಾಜ್ಯಗಳಲ್ಲಿಯೂ ವಿದ್ಯಾಲಯಗಳು ಎದ್ದು, ಒಂದೊಂದೂ ಒಂದೊಂದು ಪರೀಕ್ಷೆ ನಡೆಸತೊಡಗಿದಾಗ ವಿದ್ಯಾರ್ಥಿಗಳು ಊರೂರು ತಿರುಗಬೇಕಾಯಿತು. ಸರ್ವೋಚ್ಚ ನ್ಯಾಯಾಲಯದ ಮುಂದೆ ಅರ್ಜಿಯು ಬಂದ ಮೇಲೆ ಏಳು ವಿದ್ಯಾಲಯಗಳು ಕೂಡಿ ೨೦೦೮ರ ಮೇ ತಿಂಗಳಲ್ಲಿ ಮೊದಲ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸಿದವು. ಜನರು ‘ಕ್ಲ್ಯಾಟ್’ ಎಂದು ಕರೆಯುವದು ಇದನ್ನೇ. ಈಗ ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾಲಯಗಳು ಸೇರಿರುವವು.

೨೦೨೦ರ ವರ್ಷವು ಈ ಪರೀಕ್ಷೆಯ ಚರಿತ್ರೆಯಲ್ಲಿ ಗದ್ದಲದ ವರ್ಷ. ಮಹಾಮಾರಿಯಿಂದ ಪರೀಕ್ಷೆಯು ಮುಂದೆ ಮುಂದೆ ಹೋಗುತ್ತಿರಲು, ಬೆಂಗಳೂರಿನ ಶಾಲೆಯು ಮನೆಯಲ್ಲಿಯೇ ಕುಳಿತು ಗಣಕಯಂತ್ರದಲ್ಲಿ ಬರೆಯತಕ್ಕ ಬೇರೆ ಪರೀಕ್ಷೆಯೊಂದನ್ನು ಸಾರಿ ನಡೆಸಿತು. ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ ೨೧ರಂದು ಅದನ್ನು ರದ್ದುಗೊಳಿಸಿತು. ಅದೇ ತಿಂಗಳು, ಕರ್ನಾಟಕದ ವಿದ್ಯಾರ್ಥಿಗಳಿಗೆ ನೂರಕ್ಕೆ ೨೫ ಸ್ಥಾನಗಳನ್ನಿಟ್ಟ ರಾಜ್ಯದ ತಿದ್ದುಪಡಿಯನ್ನು ನಮ್ಮ ಉಚ್ಚ ನ್ಯಾಯಾಲಯವು ತೆಗೆದುಹಾಕಿತು. ಮರುವರ್ಷ ಶಾಲೆಯು ತಾನಾಗಿಯೇ ಅಷ್ಟು ಸ್ಥಾನಗಳನ್ನು ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೂ ಒಂದು ಮಾತನ್ನು ಹೇಳಬೇಕು. ಬೆಂಗಳೂರಿನ ಇಂಗ್ಲಿಷು ಶಾಲೆಯಲ್ಲಿ ಕಲಿತವನೂ ತುರ್ವಿಹಾಳದ ಕನ್ನಡ ಶಾಲೆಯಲ್ಲಿ ಕಲಿತವಳೂ ಆ ಲೆಕ್ಕದಲ್ಲಿ ಸಮಾನವಾಗಿ ಕರ್ನಾಟಕದ ವಿದ್ಯಾರ್ಥಿಗಳೇ.

ಪರೀಕ್ಷೆಯ ಈಗಿನ ಸ್ವರೂಪವು ಹೀಗಿರುವದು: ೧೨೦ ಪ್ರಶ್ನೆ, ೧೨೦ ನಿಮಿಷ, ತಪ್ಪಿದ ಪ್ರತಿಯೊಂದು ಉತ್ತರಕ್ಕೆ ಕಾಲು ಅಂಕದ ಕಡಿತ. ಇಂಗ್ಲಿಷು, ಪ್ರಚಲಿತ ಸಂಗತಿ, ಕಾಯದೆಯ ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ಭಾಗಗಳಲ್ಲಿಯೂ ಮೊದಲು ಗದ್ಯಖಂಡವನ್ನೋದಿ ಆಮೇಲೆ ಉತ್ತರಿಸಬೇಕು. ಖಂಡವೊಂದಕ್ಕೆ ಐದು ಪ್ರಶ್ನೆಯೆಂದು ಹಿಡಿದರೂ ೨೪ ಖಂಡಗಳಾಗುವವು. ಒಂದೊಂದು ಖಂಡವು ೪೫೦ ಶಬ್ದಗಳ ವರೆಗೂ ಇರುವದುಂಟು. ಎರಡು ತಾಸಿನಲ್ಲಿ ಹತ್ತು ಸಾವಿರದ ಸಮೀಪಕ್ಕೆ ಹೋಗುವ ಇಂಗ್ಲಿಷು ಶಬ್ದಗಳನ್ನು ಓದಿ, ಆಲೋಚಿಸಿ, ಉತ್ತರಿಸಬೇಕು. ತರ್ಕದ ಪರೀಕ್ಷೆಯೆಂದು ಇದಕ್ಕೆ ಹೆಸರು. ನನಗೆ ಇದು ಬಹುಮಟ್ಟಿಗೆ ಓದುವ ವೇಗದ ಪರೀಕ್ಷೆಯಾಗಿ ಕಾಣುವದು.

ತರ್ಕದಲ್ಲಿ ನಮ್ಮ ಮಕ್ಕಳು ಹಿಂದಿರುವರೇ? ಈ ಪರೀಕ್ಷೆಗೆ ಓದುವವರೆಲ್ಲರೂ ಕಲಿಯುವ ಒಂದು ವ್ಯಾಜ್ಯವುಂಟು: ರೈಲಂಡ್ಸನಿಗೂ ಫ್ಲೆಚರನಿಗೂ ನಡೆದು, ೧೮೬೮ರಲ್ಲಿ ಇಂಗ್ಲಂಡದ ಪ್ರಭುಸಭೆಯು ತೀರ್ಮಾನಿಸಿದ್ದು. ಒಬ್ಬನು ತನ್ನ ನೆಲದಲ್ಲಿ ನೀರು ನಿಲ್ಲಿಸಿದನು. ಅದು ನುಗ್ಗಿ ನೆರೆಯವನ ಗಣಿಯನ್ನು ತುಂಬಿತು. ತನ್ನ ಅಲಕ್ಷ್ಯವಿಲ್ಲದಿದ್ದರೂ ಅವನೇ ಹೊಣೆಗಾರನೆಂದು ತೀರ್ಪಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಮನೆಯ ಮಗುವಿಗೆ ಇದನ್ನು ಕನ್ನಡದಲ್ಲಿ ಹೇಳಿನೋಡಿರಿ. ನೀರು ನಿಲ್ಲಿಸಿದವನು ಯಾರು, ಒಡ್ಡು ಒಡೆದದ್ದು ಹೇಗೆ, ಮಳೆಯೇ ಅತಿಯಾಗಿದ್ದರೆ ಏನು, ಎಂದು ಅದು ಕೇಳುವ ಪ್ರಶ್ನೆಗಳೇ ನ್ಯಾಯಾಧೀಶರು ಕೇಳಿದ ಮತ್ತು ಮುಂದೆ ಕೇಳುತ್ತ ಬಂದ ಪ್ರಶ್ನೆಗಳು.

ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಭಾಷೆಯು ಸಂವಿಧಾನದ ೩೪೮ನೆಯ ಅನುಚ್ಛೇದದಂತೆ ಇಂಗ್ಲಿಷಾಗಿರುವಾಗ ಪ್ರವೇಶದಲ್ಲಿಯೇ ಅದನ್ನು ಕೇಳುವದು ಸರಿಯೆಂದು ಬಲ್ಲವರು ಹೇಳುವರು. ಈ ವಾದವನ್ನು ತಳ್ಳಿಹಾಕಲಾಗದು. ಪರಭಾಷೆಯ ಅಭ್ಯಾಸವು ವ್ಯರ್ಥವೂ ಅಲ್ಲ. ೧೮೮೮ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿಯವರು ರೋಮನ್ ಕಾಯದೆಯನ್ನು ಲ್ಯಾಟಿನ್ನಿನಲ್ಲಿ ಓದಿದರು. ಅದು ದಕ್ಷಿಣ ಆಫ್ರಿಕೆಯಲ್ಲಿ ಅವರಿಗೆ ಕೆಲಸಕ್ಕೆ ಬಂದಿತು. ಆದರೆ ಮನೆಯೊಳಗೆ ಐದು ವರ್ಷ ಕಲಿಯತಕ್ಕದ್ದನ್ನು ಹೊಸ್ತಿಲಲ್ಲಿಯೇ ಪೂರ್ತಿಯಾಗಿ ಕೇಳುವದೇಕೆ? ವೈದ್ಯಶಿಕ್ಷಣದ ‘ನೀಟ್’ ಪರೀಕ್ಷೆಯನ್ನು ೨೦೧೭ರಿಂದ ಕನ್ನಡದಲ್ಲಿ ಬರೆಯಬಹುದಾಗಿದೆ; ವೈದ್ಯರ ಪಾಠವೂ ಇಂಗ್ಲಿಷಿನಲ್ಲಿಯೇ ನಡೆಯುವದಲ್ಲವೇ? ಕಾಯದೆಯ ಪರೀಕ್ಷೆಯನ್ನೂ ದೇಶಭಾಷೆಗಳಲ್ಲಿ ನಡೆಸಬೇಕೆಂದು ೨೦೨೩ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಕಾಯದೆ ವಿದ್ಯಾರ್ಥಿಯೊಬ್ಬನು ಅರ್ಜಿ ಕೊಟ್ಟನು. ವಕೀಲರ ಪರಿಷತ್ತು ಅದಕ್ಕೆ ಒಪ್ಪಿಗೆ ತೋರಿಸಿತು. ವಿದ್ಯಾಲಯಗಳ ಒಕ್ಕೂಟವು ಆ ವರ್ಷಕ್ಕೆ ಸಾಧ್ಯವಿಲ್ಲವೆಂದಿತು.

ಅಲ್ಲಿಯ ವರೆಗೆ ಸಿದ್ಧತೆಯ ಕ್ರಮವೇನು? ಒಂದೇ ಸಂಗತಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿಯೂ ಅನಂತರ ಇಂಗ್ಲಿಷು ಪತ್ರಿಕೆಯಲ್ಲಿಯೂ ದಿನಾಲು ಓದುವದು. ಸಂವಿಧಾನದ ಕನ್ನಡ ಪಾಠವನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟುಕೊಳ್ಳುವದು. ಬಿಡುವಿದ್ದಾಗ ತೆರೆದ ಕೋರ್ಟಿನಲ್ಲಿ ಹಿಂದೆ ಕುಳಿತು ವಾದಗಳನ್ನು ಕೇಳುವದು. ಎಂಟನೆಯ ಒಂಬತ್ತನೆಯ ಇಯತ್ತೆಯಲ್ಲಿ ಇದನ್ನು ತೊಡಗಿದವರಿಗೆ ಕೊನೆಯ ವರ್ಷ ಹಗುರಾಗುವದು. ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ದಾರಿಯೂ ತೆರೆದಿರುವದು. ಅದನ್ನು ಹಿಡಿದವರನ್ನು ಕಡಿಮೆಯೆಂದು ಎಣಿಸತಕ್ಕದ್ದಲ್ಲ. ಅರ್ಜಿಯ ಶುಲ್ಕವು ಸಾಮಾನ್ಯವರ್ಗಕ್ಕೆ ೪,೦೦೦ ರೂಪಾಯಿ. ಪರೀಕ್ಷೆಯು ಈಚೆಗೆ ಡಿಸೆಂಬರ ತಿಂಗಳಲ್ಲಿ ನಡೆಯುತ್ತಿರುವದು. ಆಗ ನಮ್ಮಲ್ಲಿ ಮುಂಗಾರಿ ಭತ್ತದ ಕೊಯ್ಲು. ಮಕ್ಕಳನ್ನು ಆ ಎರಡು ವಾರ ಹೊಲದ ಕೆಲಸದಿಂದ ಬಿಡುವದಾಗುವದೋ ಎಂಬದನ್ನು ಮನೆಯವರು ಕುಳಿತು ಮೊದಲೇ ಮಾತಾಡಿಕೊಂಡಿರಬೇಕು.